ಬದುಕಿದ್ದ ಅತ್ತೆಗೆ ಇಟ್ಟ ಎಡೆ

ಪೀಣ್ಯದ ಗಾಳಿಗೆ ಆಗೆಲ್ಲ ಕಾದ ಎಣ್ಣೆಯ, ಕಬ್ಬಿಣದ ಪುಡಿಯ ವಾಸನೆ. ಅದು ಬೀದಿಯಿಂದ ಬರುತ್ತಿದೆಯೋ ಲೇತ್ ಯಂತ್ರದ ಮುಂದೆ ನಿಂತು ಬಂದ ಅಪ್ಪನ ಅಂಗಿಯಿಂದಲೋ ಹೇಳಲಾಗುತ್ತಿರಲಿಲ್ಲ. ಸಾಲಾಗಿ ತಗಡಿನ ಮನೆಗಳು, ಸಾಲಿಗೆಲ್ಲ ಒಂದೇ ನಲ್ಲಿ, ನಲ್ಲಿಯ ಮುಂದೆ ಎಲ್ಲ ಊರುಗಳ ಕನ್ನಡದ ಜಗಳ. ಅಂಥ ಸಾಲುಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಲ್ಯ ನೆನೆದರೆ ಕಣ್ಣು ತೇವವಾಗುತ್ತದೆ ಎಂದು ಬರೆಯುವವರಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಅದರಲ್ಲೂ ಐದನೇ ಕ್ಲಾಸಿನ ಆ ಮಹಾಲಯ ಅಮಾವಾಸ್ಯೆಯನ್ನು ನೆನೆದರೆ.

ನಾವು ಕೊಪ್ಪಳದ ಕಡೆಯವರು. ಪ್ರತಿ ವರ್ಷ ಆ ಅಮಾವಾಸ್ಯೆಗೆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಿದ್ದರು. ಒಂದು ಎಲೆ ಅಜ್ಜನಿಗೆ, ಒಂದು ಗಂಗತ್ತೆಗೆ. ಗಂಗತ್ತೆ ಅಪ್ಪನ ತಂಗಿ. ನಾನು ಹುಟ್ಟುವ ಮೊದಲೇ ಕಾಮಾಲೆಯಾಗಿ ಸತ್ತಳೆಂದು ನಮಗೆ ಹೇಳಿದ್ದರು. ಅವಳ ಎಲೆಯ ಪಕ್ಕ ಹಸಿರು ಕುಪ್ಪಸದ ಖಣ, ಗಾಜಿನ ಬಳೆ. ಅಜ್ಜಿ ಶೇಂಗಾ ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಅಳುತ್ತಿದ್ದಳು. ಆಮೇಲೆ ನನ್ನ ಗಲ್ಲ ಹಿಡಿದು ಮುಖ ನೋಡುತ್ತ, "ಥೇಟ್ ಅಕಿ ಮಾರೀನ ಬಂದೈತಿ ನಿನಗ" ಅನ್ನುತ್ತಿದ್ದಳು. ಮರುದಿನ ಆ ಬಳೆ ನನ್ನವು. ಸತ್ತ ಅತ್ತೆಯ ಬಳೆ ತೊಟ್ಟು ನಾನು ಜಂಬದಿಂದ ಶಾಲೆಗೆ ಹೋಗುತ್ತಿದ್ದೆ.

ಆ ವರ್ಷ ನಮ್ಮ ಶಾಲೆಗೆ ಮಂಜುಳಾ ಎಂಬ ಹುಡುಗಿ ಹೊಸದಾಗಿ ಸೇರಿದಳು. ಅಪ್ಪಟ ಬೆಂಗಳೂರಿನ ಮಾತು. ಮಧ್ಯಾಹ್ನ ಊಟವಾದ ಮೇಲೆ ಗೋಡೆಯ ನೆರಳಲ್ಲಿ ಕಲ್ಲಾಟ ಆಡುತ್ತಿದ್ದಾಗ ಅವಳೊಂದು ಕಥೆ ಹೇಳಿದಳು. ಬರಗಾಲದಲ್ಲಿ ಕಳ್ಳರು ಮನೆಯ ನೆಲದಡಿಯ ಜೋಳದ ಹಗೇವು ದೋಚಲು ಬಂದಾಗ ನೀಲವ್ವ ಎಂಬವಳು ಹೊಟ್ಟೆಗೆ ಕುಂಬಳಕಾಯಿ ಕಟ್ಟಿಕೊಂಡು, ಹಗೇವಿನ ಬಾಯಿಯ ಮೇಲೆ ಚಾಪೆ ಹಾಸಿ ಮಲಗಿ, ಹೆರಿಗೆ ನೋವೆಂದು ಚೀರಿದಳಂತೆ. ಕಳ್ಳರು ಹೆದರಿ ಓಡಿಹೋದರಂತೆ.

ನನ್ನ ಮೈ ಉರಿದುಹೋಯಿತು. ಅದು ನಮ್ಮ ಕಥೆ. ಅಜ್ಜಿ ನಮಗೆ ಊಟ ಮಾಡಿಸುವಾಗ ಹೇಳುತ್ತಿದ್ದ ಕಥೆ.

"ನೀಲವ್ವ ನಮ್ಮ ಮುತ್ತಜ್ಜಿ. ಕದ್ದಿ ನೀನು!"

"ಸುಳ್ಳು ಹೇಳ್ಬೇಡ ಕಣೇ. ನಮ್ಮಮ್ಮನ ಅಜ್ಜಿ ಅವ್ರು."

ಜಡೆ ಹಿಡಿದು ಕಿತ್ತಾಡಿದೆವು. ಕೊನೆಗೆ ಮಂಜುಳಾ, "ಬಾ, ನಮ್ಮಮ್ಮನ್ನೇ ಕೇಳು" ಎಂದು ಶಾಲೆ ಬಿಟ್ಟ ಮೇಲೆ ನನ್ನ ಕೈಹಿಡಿದು ಎಳೆದುಕೊಂಡು ಹೋದಳು.

ಅವರ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಬಾಗಿಲಲ್ಲಿ ಒಬ್ಬಳು ಅಕ್ಕಿ ಆರಿಸುತ್ತ ಕೂತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದವಳ ಕೈ ಮೊರದಲ್ಲೇ ನಿಂತಿತು.

"ಯಾರ ಮಗಳವ್ವ ನೀನು?"

"ಬಸವರಾಜನ ಮಗಳ್ರಿ. ಕೊಪ್ಪಳದವರು."

"ನಿಮ್ಮಜ್ಜಿ ಅದಾಳ?"

"ಅದಾಳ್ರಿ. ನೀವ್ಯಾರು?"

"ನಾ ನಿಮ್ಮತ್ತಿ. ಗಂಗವ್ವ."

"ಗಂಗತ್ತಿ ಸತ್ತಾಳ್ರಿ. ನಾವು ವರ್ಷಾ ಎಡಿ ಇಡ್ತೀವಿ."

ಅವಳು ಮೊರವನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಮೆಲ್ಲಗೆ, "ಎಡಿಗೆ ಏನ್ ಇಡ್ತೀರಿ?" ಎಂದಳು.

"ಶೇಂಗಾ ಹೋಳಿಗಿ."

ಅವಳು ನಕ್ಕಳು. ಅಂಥ ನಗುವನ್ನು ನಾನು ಆವರೆಗೆ ಕೇಳಿರಲಿಲ್ಲ. "ಅದು ನಿಮ್ಮಪ್ಪಗ ಸೇರೋದು. ನನಗ ಶೇಂಗಾ ಬಾಯಾಗಿಟ್ರ ವಾಂತಿ ಬರ್ತಿತ್ತು. ಸಾಯಿಸಿದ ಮ್ಯಾಲೂ ಅವಂಗ ಬೇಕಾದ್ದನ್ನ ಮಾಡ್ಯಾರ ನೋಡು."

ಬೇರೆ ಜಾತಿಯವನನ್ನು ಮೆಚ್ಚಿ ಮದುವೆಯಾಗಿದ್ದೇ ಅವಳಿಗೆ ಬಂದ ಕಾಮಾಲೆ. ಇದನ್ನು ಅವಳೇ ಹೇಳಿದಳು, ನನ್ನ ಕೆನ್ನೆಯ ಉಗುರುಗೆರೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ. ಬಿಚ್ಚಿದ ಜಡೆ ಹೆಣೆದಳು. ಬೆಲ್ಲ ಹಾಕಿ ಕಲಸಿದ ಅವಲಕ್ಕಿಯನ್ನು ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಕೊಟ್ಟಳು. ಹೊರಡುವಾಗ, "ನಿಮ್ಮಪ್ಪಗ ಹೇಳು, ಗಂಗವ್ವ ಶೇಂಗಾ ಹೋಳಿಗಿ ಉಣ್ಣಂಗಿಲ್ಲಂತ" ಅಂದಳು.

ಅಮಾವಾಸ್ಯೆಯ ದಿನ ಎಲೆಗಳ ಮುಂದೆ ಎಲ್ಲರೂ ಕೈಮುಗಿದು ನಿಂತಾಗ ನಾನು ಹೇಳಿಬಿಟ್ಟೆ. "ಅತ್ತಿ ಬಸ್ ಸ್ಟ್ಯಾಂಡ್ ಹಿಂದ ಅದಾಳ. ಆಕಿಗೆ ಶೇಂಗಾ ಸೇರಂಗಿಲ್ಲಂತ."

ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. "ಅಕಿ ಸತ್ತಾಳ. ನಾ ಸತ್ತಾಳ ಅಂದಮ್ಯಾಲೆ ಸತ್ತಾಳ."

ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ನಾನು ಅಜ್ಜಿಯನ್ನು ನೋಡಿದೆ. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಹಾಗಾದರೆ ಎಲ್ಲರಿಗೂ ಗೊತ್ತಿತ್ತು. ಆ ಅಳು ನಿಜ, ಆ ಸಾವು ಸುಳ್ಳು. ಪೆಟ್ಟಿಗಿಂತ ಅದು ಹೆಚ್ಚು ಉರಿಯಿತು. ಆ ವರ್ಷದ ಬಳೆಯನ್ನು ನಾನು ಮುಟ್ಟಲಿಲ್ಲ.

ಮರುದಿನ ನಲ್ಲಿಯ ಹತ್ತಿರ ಯಾರೂ ಇಲ್ಲದಾಗ ಅಜ್ಜಿ ನನ್ನನ್ನು ಸೆರಗಿನ ಮರೆಗೆ ಎಳೆದುಕೊಂಡಳು. "ಸೊರಗ್ಯಾಳೇನ? ಮಕ್ಕಳೆಷ್ಟು? ಗಂಡ ಬಡಿಯಂಗಿಲ್ಲಲ್ಲ?" ನಾನು ಗೊತ್ತಿದ್ದಷ್ಟು ಹೇಳಿದೆ. "ಶುಕ್ರವಾರ ನಿಮ್ಮಪ್ಪ ಕೆಲಸಕ್ಕ ಹೋದ ಮ್ಯಾಲೆ ನನ್ನ ಕರ್ಕೊಂಡು ಹೋಗ" ಅಂದಳು. ಅಂದು ಸಂಜೆ ತನ್ನ ಒಳ್ಳೆಯ ಸೀರೆಯನ್ನು ಮಡಿಸಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು.

ಶುಕ್ರವಾರ ಬರುವ ಮೊದಲೇ ಮನೆಯ ಮುಂದೆ ಟೆಂಪೊ ಬಂತು. ಅಪ್ಪ ಅತ್ತಿಬೆಲೆಯಲ್ಲಿ ಬೇರೆ ಕೆಲಸ ಹಿಡಿದಿದ್ದ. ಊರಿನ ಈ ತುದಿಯಿಂದ ಆ ತುದಿಗೆ, ಅರ್ಧ ವರ್ಷದಲ್ಲಿ ಶಾಲೆ ಬಿಡಿಸಿ. ಟೆಂಪೊದಲ್ಲಿ ಅಜ್ಜಿ ಪಾತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅಜ್ಜಿ ಅತ್ತಿಬೆಲೆಯಲ್ಲೇ ತೀರಿಕೊಂಡಳು. ಅತ್ತೆಗೆ ಹೇಳಿಕಳಿಸಲಿಲ್ಲ. ಮುಂದಿನ ಅಮಾವಾಸ್ಯೆಗೆ ಸತ್ತ ತಾಯಿಯ ಎಲೆಯ ಪಕ್ಕದಲ್ಲೇ ಬದುಕಿದ್ದ ಮಗಳ ಎಲೆಯನ್ನೂ ಹಾಕಿದ ನಮ್ಮಪ್ಪ. ನಾನು ಆ ದಿನ ಮನೆಯಲ್ಲಿ ಉಣ್ಣಲಿಲ್ಲ. ಆಮೇಲೂ ಯಾವ ವರ್ಷವೂ ಉಂಡಿಲ್ಲ.

ಹೋದ ವರ್ಷ ನನ್ನ ತಮ್ಮನ ಮದುವೆ ಬ್ರೂಕ್‌ಫೀಲ್ಡಿನ ಒಂದು ಹಾಲ್‌ನಲ್ಲಿ ನಡೆಯಿತು. ಹುಡುಗಿ ಬೇರೆ ಜಾತಿಯವಳು, ಅವನ ಜೊತೆ ಕೆಲಸ ಮಾಡುವವಳು. ಅಪ್ಪ ರೇಷ್ಮೆ ಪಂಚೆ ಉಟ್ಟು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ, "ಈಗ ಜಾತಿ ಯಾರ್ ನೋಡ್ತಾರ್ರಿ?" ಅನ್ನುತ್ತಿದ್ದ. ಆರತಿ ಎತ್ತಲು ಸೋದರತ್ತೆ ಬೇಕಲ್ಲ, ಅದಕ್ಕೆ ತಾನೇ ಹೋಗಿ ತಂಗಿಯನ್ನು ಕರೆತಂದಿದ್ದ. ವಿಳಾಸ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಅತ್ತೆಯ ತಲೆಯೆಲ್ಲ ಬೆಳ್ಳಗಾಗಿತ್ತು. ಆರತಿ ಎತ್ತಿದಳು. ಎಲ್ಲರೂ ಕಣ್ಣೊರೆಸಿಕೊಂಡು ಫೋಟೊ ತೆಗೆಸಿಕೊಂಡರು. ನಾನು ಅಪ್ಪನನ್ನು ಊಟದ ಹಾಲ್‌ನ ಮೂಲೆಗೆ ಕರೆದು ಕೇಳಿದೆ. "ಮಗನಿಗೆ ಆಗೋದು ತಂಗಿಗೆ ಯಾಕೆ ಆಗ್ಲಿಲ್ಲ? ಅಜ್ಜಿಗೆ ಒಂದ್ಸಲ ತೋರ್ಸಿದ್ರೆ ಏನಾಗ್ತಿತ್ತು?"

"ಆಗಿದ್ದು ಆಗಿ ಹೋತು. ಶುಭಕಾರ್ಯದಾಗ ಅದ್ಯಾಕ?" ಎಂದು ಅಪ್ಪ ಬೀಗರ ಕಡೆ ನಡೆದ.

ಅತ್ತೆ ಮಾತ್ರ ಹೊರಡುವಾಗ ನನ್ನನ್ನು ಹತ್ತಿರ ಕರೆದು, "ಅವ್ವನ್ನ ಎಲ್ಲಿ ಮಣ್ಣು ಮಾಡಿದ್ರಿ? ತೋರ್ಸು" ಅಂದಳು. ಮರುದಿನ ಕರೆದುಕೊಂಡು ಹೋದೆ. ಅಪ್ಪ ಅಲ್ಲಿಗೆ ಕಲ್ಲೊಂದನ್ನೂ ನೆಡಿಸಿರಲಿಲ್ಲ. ಈ ಸಾಲೋ ಆ ಸಾಲೋ ಎಂದು ನನಗೂ ಖಾತ್ರಿಯಿರಲಿಲ್ಲ. ಅತ್ತೆ ಎರಡು ಸಾಲಿಗೂ ಹೂ ಹಾಕಿದಳು.

ಅವಳನ್ನು ಪೀಣ್ಯಕ್ಕೆ ಬಿಟ್ಟು ಬರಲು ಹೋದಾಗ ಬಾಗಿಲು ತೆರೆದವಳು ಮಂಜುಳಾ. ಕನ್ನಡಕ ಬಂದಿತ್ತು, ಇಬ್ಬರು ಮಕ್ಕಳು. ಒಂದೇ ಶಾಲೆ, ಒಂದೇ ಬೆಂಚು, ಒಬ್ಬರ ಲಂಗ ಇನ್ನೊಬ್ಬರಿಗೆ, ಒಬ್ಬರ ಹೆರಿಗೆಗೆ ಇನ್ನೊಬ್ಬರು, ಇವೆಲ್ಲ ನಮಗೆ ಬರಬೇಕಾಗಿತ್ತು. ಕುರ್ಚಿಯ ಧೂಳು ಒರೆಸಿ ನನ್ನನ್ನು ಕೂರಿಸಿದಳು. ಒಳಗೆ ಹೋದವಳು ಮತ್ತೆ ಬಾಗಿಲಿಗೆ ಬಂದು, ಬಹಳ ಮರ್ಯಾದೆಯಿಂದ ಕೇಳಿದಳು:

"ಟೀಗೆ ಸಕ್ಕರೆ ಹಾಕ್ಬಹುದಾ, ಮೇಡಂ?"