ಫ್ಲೂ ಬಂದವರಿಗೆ ಬೇರೆ ಕೋಣೆ

“ಹುಡುಗೀನ್ನ ಹೊಟ್ಟಿನ ಖೋಲ್ಯಾಗ ಯಾಕ ಮಲಗಿಸಿದ್ರಿ?” ಎಂದು ಸೇಡಂ ಆಸ್ಪತ್ರೆಯ ಡಾಕ್ಟರು ಕೇಳಿದಾಗ, ಕುರಕುಂಟಾದ ದರ್ಜಿ ಮಹೆಬೂಬಸಾಬರು ಪಕ್ಕದಲ್ಲಿದ್ದ ನನ್ನತ್ತ ತಿರುಗಿದರು. ನಾನು ಪತ್ರಿಕೆಯ ತಾಲ್ಲೂಕು ವರದಿಗಾರ.

ಎಮ್ಮೆ ಮೇವಿಗೆಂದು ಆ ಕೋಣೆಯಲ್ಲಿ ತುಂಬಿಟ್ಟಿದ್ದ ತೊಗರಿ ಹೊಟ್ಟು ಮಳೆಗೆ ನೆನೆದು ಬೂಷ್ಟು ಹಿಡಿದಿತ್ತು. ಫ್ಲೂ ಜ್ವರದಿಂದ ಮೊದಲೇ ಸೋತಿದ್ದ ಅವರ ಮಗಳ ಶ್ವಾಸಕೋಶಕ್ಕೆ ಉಸಿರಿನೊಂದಿಗೆ ಆ ಬೂಷ್ಟು ಇಳಿದು ಬೆಳೆದಿದೆ ಎಂದು ಡಾಕ್ಟರು ವಿವರಿಸಿದರು.

“ಪೇಪರ್‌ನ್ಯಾಗ ನೀವೇ ಬರ್ದಿದ್ರಲ್ರಿ ಸಾಹೇಬ್ರ, ಫ್ಲೂ ಬಂದೋರ್ನ ಬ್ಯಾರೆ ಖೋಲ್ಯಾಗ ಇಡ್ರಿ ಅಂತ. ನಮ್ಮನ್ಯಾಗ ಇರೋದೇ ಎರಡು. ಒಂದ್ರಾಗ ಏಳು ಮಂದಿ, ಇನ್ನೊಂದ್ರಾಗ ಎಮ್ಮಿ ಹೊಟ್ಟು. ಮೂರನೇದು ನಿಮ್ಮ ಪೇಪರ್‌ನ್ಯಾಗ ಐತೇನ್ರಿ?”

ಅದು ಸರ್ಕಾರದ ಪ್ರಕಟಣೆ. ನಾನು ಒಂದಕ್ಷರ ಬದಲಿಸದೆ ಕಳಿಸಿದ್ದೆ. ಇಲ್ಲಿನ ಮನೆಗಳಲ್ಲಿ ರೋಗಿಗೆಂದು ಬಿಟ್ಟುಕೊಡಲು ಎಂಥ ಕೋಣೆ ಇದೆ ಎಂದು ಯಾರನ್ನೂ ಕೇಳಿರಲಿಲ್ಲ.

ಬೂಷ್ಟಿನ ಸೋಂಕಿಗೆ ಔಷಧ ಹೈದರಾಬಾದಿನಿಂದ ಬರಬೇಕಿತ್ತು. ಅದು ಬಸ್ಸಿನಿಂದ ಇಳಿಯುವ ಹೊತ್ತಿಗೆ ಹುಡುಗಿಯನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಹೊಟ್ಟಿನ ಸಂಗತಿಯನ್ನೆಲ್ಲ ವಿವರವಾಗಿ ಬರೆದು ಕಳಿಸಿದೆ. ಅಚ್ಚಾದದ್ದು ಒಂದೇ ಸಾಲು: ಸೇಡಂ ತಾಲ್ಲೂಕಿನಲ್ಲಿ ಫ್ಲೂಗೆ ಯುವತಿ ಬಲಿ.