ಪಿಕಾಸಿಗೆ ಮೊಟ್ಟೆ ಕೇಳಿದ ಕ್ಲೆಮ್

ಮುಷ್ಕರಗಳಿಗೆ ಹೆಸರಾದ ಬ್ರೋಕನ್ ಹಿಲ್ ಊರಿನ ಗಣಿಯಲ್ಲಿ ಮೂವತ್ತೊಂದು ವರ್ಷ ನೆಲದಡಿ ದುಡಿದ ಕ್ಲೆಮ್ ಟ್ರೆವೊರೋಗೆ ಮೊಣಕಾಲು ಎರಡೂ ಕೈಕೊಟ್ಟವು. ಮನೆಯಲ್ಲಿ ಕೂತ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಮತ್ತೆ ಅಗೆಯಲು ಶುರು ಮಾಡಿದ್ದು. ಈ ಸಲ ಕಂಪ್ಯೂಟರಿನಲ್ಲಿ.

ಅದೊಂದು ಚೌಕಚೌಕ ಕಲ್ಲುಮಣ್ಣಿನ ಆಟ. ಗೆಲುವು ಸೋಲು ಅದರಲ್ಲಿಲ್ಲ. ಒಂದು ಖಾಲಿ ಲೋಕ ಕೊಟ್ಟುಬಿಡುತ್ತಾರೆ. ಅಗೆಯಿರಿ, ಕಟ್ಟಿರಿ, ಕೋಳಿ ಸಾಕಿರಿ, ನಿಮ್ಮಿಷ್ಟ.

“ಅಷ್ಟು ವರ್ಷ ಸಂಬಳ ತಗೊಂಡು ಅಗೆದೆ. ಈಗ ಪುಕ್ಕಟೆ ಅಗೀತಾ ಕೂತಿದ್ದೀಯಲ್ಲೋ, ತಲೇಲೂ ಕಲ್ಲೇ ತುಂಬಿಕೊಂಡಿದೆಯಾ?” ಎಂದು ಹೆಂಡತಿ ನೋಲಾ ಕೇಳಿದಳು.

“ಇಲ್ಲಿ ಧೂಳಿಲ್ಲ ಕಣೇ,” ಎಂದ ಕ್ಲೆಮ್.

ಒಬ್ಬನೇ ಅಗೆದು ಬೇಜಾರಾಗಿ ಅವನು ಗಣಿಯ ಹಳೆಯ ಹನ್ನೊಂದು ಜನರನ್ನು ಆಟಕ್ಕೆ ಎಳೆದುಕೊಂಡ. ಅವರಲ್ಲಿ ಪಕ್ಕದ ಮನೆಯ ನಾನೂ ಒಬ್ಬ. ಇಳಿಯುವವರಿಗೆಲ್ಲ ತಲೆದೀಪ ಕೊಡುವ ಕೋಣೆಯಲ್ಲಿದ್ದವನು. ಕಾರ್ಮಿಕ ಸಂಘದ ಮುಖಂಡನಾಗಿದ್ದ ಮರ್ವ್ ಬಂದ. ಕ್ಯಾಂಟೀನಿನ ಅಡುಗೆಯ ಡಲ್ಸಿಯೂ ಬಂದಳು. ಆದರೆ ಅವಳು ಪಿಕಾಸಿ ಮುಟ್ಟಲಿಲ್ಲ. “ನಿಮ್ಮ ಬೂಟಿನ ಮಣ್ಣು ಒರೆಸಿ ಒರೆಸಿ ಸಾಕಾಗಿದೆ ಕಣ್ರೋ. ನಾನು ಮೇಲೇ ಇರ್ತೀನಿ,” ಎಂದು ಕುಂಬಳದ ಬಳ್ಳಿ ಹಬ್ಬಿಸಿ ಕೋಳಿ ಸಾಕಿಕೊಂಡು ಕೂತಳು. ನಾವ್ಯಾರೂ ಆ ಕಡೆ ತಿರುಗಿಯೂ ನೋಡಲಿಲ್ಲ.

ಇಂಥ ಆಟಗಳಿಗೆ ಆಡುವವರೇ ಬರೆದು ಸೇರಿಸುವ ತುಣುಕುಗಳಿರುತ್ತವೆ, ಮಾಡ್ ಅನ್ನುತ್ತಾರೆ. ಲೈಬ್ರರಿಯಲ್ಲಿ ಕೂತು ಎರಡೇ ಬೆರಳಲ್ಲಿ ಟೈಪ್ ಮಾಡುತ್ತ ಕ್ಲೆಮ್ ಅಂಥದೊಂದನ್ನು ಹಾಕಲು ಕಲಿತ. ಪಿಕಾಸಿಯನ್ನು ಕಮ್ಮಾರನ ಅಡೆಗಲ್ಲಿನ ಮೇಲಿಟ್ಟು ಹತ್ತು ಕಬ್ಬಿಣದ ಗಟ್ಟಿ ಕೊಟ್ಟರೆ ಅದು ಒಂದು ಹಂತ ಮೇಲೇರುತ್ತದೆ. ಒಟ್ಟು ಹತ್ತು ಹಂತ. ಹತ್ತು ಗಟ್ಟಿ ಯಾವ ಲೆಕ್ಕ? ಒಂದೇ ವಾರದಲ್ಲಿ ಎಲ್ಲರ ಪಿಕಾಸಿಯೂ ತುದಿ ಮುಟ್ಟಿತು, ಬಂಡೆ ಬೆಣ್ಣೆಯಾಯಿತು. ಮಜಾ ಹೋಗಿ ಮೂರನೇ ವಾರಕ್ಕೆ ಆಟಕ್ಕೆ ಬರುವವರೇ ಇಲ್ಲ. ನಾನು ಒಂದು ಮಧ್ಯಾಹ್ನ ಇಣುಕಿದಾಗ ಕ್ಲೆಮ್ ಒಬ್ಬನೇ ಉದ್ದನೆಯ ಸುರಂಗದ ಕೊನೆಯಲ್ಲಿ ನಿಂತಿದ್ದ.

ಮಾರನೆಯ ದಿನವೇ ಅವನು ಮಾಡ್‌ನ ಬೆಲೆಪಟ್ಟಿಗೆ ಕೈಹಾಕಿದ. ನಮ್ಮೆಲ್ಲರ ಪಿಕಾಸಿಯನ್ನೂ ಸೊನ್ನೆಗೆ ಇಳಿಸಿ, ಹತ್ತು ಗಟ್ಟಿ ಇದ್ದದ್ದನ್ನು ನೂರು ಮಾಡಿದ.

ಬೈಯುವುದಕ್ಕಾದರೂ ಎಲ್ಲರೂ ವಾಪಸ್ ಬಂದರು. ಆದರೆ ನೂರು ಗಟ್ಟಿ ಕೂಡಿಸುವ ಭರದಲ್ಲಿ ತಮ್ಮ ತಮ್ಮ ಗುಂಡಿ ಸೇರಿದವರು ತಲೆ ಎತ್ತಲಿಲ್ಲ. ಮಾತಿಲ್ಲ, ನಗುವಿಲ್ಲ.

“ಇದು ಆಟವೇನೋ, ಶಿಫ್ಟೇನೋ?” ಎಂದು ಮರ್ವ್ ಕೂಗಿದ.

ಕ್ಲೆಮ್ ಮತ್ತೆ ಪಟ್ಟಿ ತೆರೆದ. ಕಬ್ಬಿಣ ಹತ್ತೇ ಇರಲಿ, ಜೊತೆಗೆ ನಾಲ್ಕು ಮೊಟ್ಟೆ ಇರಲಿ ಎಂದು ಬರೆದ. ಮೊಟ್ಟೆಗಾಗಿ ಜನ ಗುಂಡಿಯಿಂದ ಹೊರಬರುತ್ತಾರೆ, ನಾಲ್ಕು ಮಾತಾಡುತ್ತಾರೆ ಅನ್ನುವುದು ಅವನ ಎಣಿಕೆ. ಮೊಟ್ಟೆಯ ಕೆಳಗಿನ ಸಾಲನ್ನು ಅವನು ಓದಲಿಲ್ಲ. ಒಂದೊಂದು ಹಂತಕ್ಕೂ ಮೊಟ್ಟೆ ದುಪ್ಪಟ್ಟಾಗಬೇಕು ಎಂದು ಅಲ್ಲಿ ಮೊದಲೇ ಬರೆದಿತ್ತು.

ಗಂಡಸರೆಲ್ಲ ಡಲ್ಸಿಯ ಬೇಲಿಯ ಮುಂದೆ ಸಾಲುಗಟ್ಟಿದರು.

“ಕಬ್ಬಿಣ ಕೊಡ್ತೀವಿ ಡಲ್ಸಿ.”

“ಕಬ್ಬಿಣ ತಗೊಂಡು ಪಲ್ಯ ಮಾಡ್ಲಾ? ನಂಗೊಂದು ಡಾನ್ಸ್ ಹಾಲ್ ಬೇಕು. ಮರದ ನೆಲ ಇರಬೇಕು, ಒಂದು ಹಲಗೆಯೂ ಸೊಟ್ಟ ಇರಕೂಡದು.”

ಬಂಡೆ ಸಿಡಿಸಿದ ಕೈಗಳು ಹಲಗೆ ಜೋಡಿಸತೊಡಗಿದವು. ಹದಿನಾರು ಮೊಟ್ಟೆಗೆ ನಾನು ಎಂಟು ಕಿಟಕಿ ಕೂರಿಸಿದೆ. ಎರಡನ್ನು ಕೀಳಿಸಿ ಮತ್ತೆ ಹಾಕಿಸಿದಳು. ನಾವೇ ಕೋಳಿ ಸಾಕೋಣವೆಂದರೆ, ಮರ್ವ್ ಸಾಕಿದ ಇಪ್ಪತ್ತು ಕೋಳಿಗಳು ಅವನೇ ಅಗೆದ ಗುಂಡಿಗೆ ಒಂದರ ಹಿಂದೊಂದು ಬಿದ್ದು ಸತ್ತವು. ಉಳಿದವರ ಕಥೆಯೂ ಅಷ್ಟೇ.

ಆರನೇ ಹಂತಕ್ಕೆ ನೂರಿಪ್ಪತ್ತೆಂಟು ಮೊಟ್ಟೆ ಎಂದಾಗ ಮರ್ವ್ ಕಾಗದ ತೆಗೆದುಕೊಂಡು ಕೂತ. ಹತ್ತನೆಯದಕ್ಕೆ ಎರಡು ಸಾವಿರದ ನಲವತ್ತೆಂಟು. ಅವನ ಕಣ್ಣಲ್ಲಿ ಸಂಘದ ದಿನಗಳ ಹಳೆಯ ಬೆಳಕು ಬಂತು.

ಭಾನುವಾರ ಮಧ್ಯಾಹ್ನ ಹತ್ತು ಜನ ಗಂಡಸರೂ ಅಡೆಗಲ್ಲಿನ ಮುಂದೆ ಪಿಕಾಸಿ ಕೆಳಗಿಟ್ಟೆವು. ಸುತ್ತ ‘ಮೊಟ್ಟೆ ಇಳಿಸಿ’ ಎಂಬ ಫಲಕಗಳು. ಡಲ್ಸಿಯೂ ನಮ್ಮ ಜೊತೆ ಬಂದು ನಿಂತಳು.

“ನಿಂಗೇನಮ್ಮ ಕಷ್ಟ? ನಿಂಗೆ ಲಾಭ ತಾನೇ?” ಎಂದೆ.

“ನನ್ನ ಕೋಳಿಗಳೂ ದುಡಿಯೋರೇ. ದಿನಕ್ಕೆಷ್ಟು ಅಂತ ಇಡ್ತವೆ ಪಾಪ?”

ಕ್ಲೆಮ್ ಮೊದಲು ಜಗ್ಗಲಿಲ್ಲ. “ಆಟದಲ್ಲಿ ಯಾರಾದ್ರೂ ಮುಷ್ಕರ ಮಾಡ್ತಾರೇನ್ರೋ?” ಎಂದು ನಕ್ಕ. ಆದರೆ ಸೋಮವಾರ ನಾವೆಲ್ಲ ಸೇರುವ ಕ್ಲಬ್ಬಿನಲ್ಲಿ ಅವನ ಮೇಜಿಗೆ ಯಾರೂ ಬಂದು ಕೂರಲಿಲ್ಲ. ಮನೆಗೆ ಬಂದರೆ ಚಹಾ ಇರಲಿಲ್ಲ.

“ನೀನು ಆಟಾನೇ ಆಡಲ್ಲವಲ್ಲೇ!” ಎಂದ.

“ಈ ಊರಲ್ಲಿ ಹುಟ್ಟಿದವಳು ನಾನು,” ಎಂದಳು ನೋಲಾ. “ಮುಷ್ಕರ ಮುರಿಯೋಳಲ್ಲ. ಚಹಾಪುಡಿ ಡಬ್ಬೀಲಿದೆ, ಮಾಡ್ಕೋ.”

ಬುಧವಾರ ಕ್ಲಬ್ಬಿನ ಹಿತ್ತಿಲಲ್ಲಿ ಸಂಧಾನ ನಡೆಯಿತು. ಮರ್ವ್ ಟೈ ಕಟ್ಟಿಕೊಂಡು ಬಂದಿದ್ದ. ಒಲೆಯ ಮೇಲೆ ಮಾಂಸದ ಸಾಸೇಜುಗಳು ಚಟಗುಟ್ಟುತ್ತಿದ್ದವು. ಕ್ಲೆಮ್ ಬೆಲೆಪಟ್ಟಿಯನ್ನು ಕಾಗದದ ಮೇಲೆ ತಂದಿದ್ದ. ಗಟ್ಟಿಯಾಗಿ ಓದುತ್ತ ಓದುತ್ತ ದುಪ್ಪಟ್ಟಿನ ಆ ಸಾಲಿಗೆ ಬಂದು ನಿಂತ.

“ಇದು ನಾನು ಬರೆದದ್ದಲ್ಲ ಕಣ್ರೋ! ಮೊದಲೇ ಇತ್ತು!”

“ಮೇಲಿನವರೆಲ್ಲ ಹೀಗೇ ಹೇಳೋದು,” ಎಂದ ಮರ್ವ್. “ಅದಿರಲಿ. ನಿನ್ನ ಪಿಕಾಸಿ ಎಷ್ಟನೇ ಹಂತದಲ್ಲಿದೆ?”

ಕ್ಲೆಮ್ ಸಾಸೇಜು ತಿರುಗಿಸತೊಡಗಿದ.

“ಕ್ಲೆಮ್.”

“ಹತ್ತು.”

“ನಮ್ಮದೆಲ್ಲ ಇಳಿಸಿ ನಿನ್ನದು ಹಾಗೇ ಇಟ್ಕೊಂಡೆಯಾ? ಥೂ ನಿನ್ನ!”

ಹನ್ನೊಂದು ಜನರ ಬೈಗುಳ ಒಂದೇ ಸಲ ಎದ್ದಿತು. ಕ್ಲೆಮ್‌ನ ಕಿವಿಗಳು ಕೆಂಪಾದವು. ಗದ್ದಲ ಇಳಿದ ಮೇಲೆ ಅವನು ತಲೆ ಬಗ್ಗಿಸಿಯೇ ಹೇಳಿದ: “ನೀವ್ಯಾರೂ ಬರದೇ ಇದ್ದಾಗ ನಾನೊಬ್ಬನೇ ಅಗೀತಿದ್ದೆ. ಪಕ್ಕದಲ್ಲಿ ಸದ್ದೇ ಇರ್ಲಿಲ್ಲ. ನೆಲದಡಿ ಪಕ್ಕದವನ ಸದ್ದು ನಿಂತ್ರೆ ಎಷ್ಟು ಹೆದರಿಕೆ ಆಗುತ್ತೆ ಅಂತ ನಿಮಗೆ ಗೊತ್ತಲ್ಲ. ಅದಕ್ಕೇ ಬೆಲೆ ಬದಲಾಯಿಸಿದ್ದು. ಬೇರೇನಿಲ್ಲ.”

ಮರ್ವ್ ಟೈ ಸಡಿಲಿಸಿ ದೊಡ್ಡ ಸಾಸೇಜೊಂದನ್ನು ಬ್ರೆಡ್ಡಿನಲ್ಲಿ ಸುತ್ತಿ ಅವನ ಕೈಗಿಟ್ಟ.

“ಆದ್ರೂ ನಿನ್ನ ಪಿಕಾಸಿ ಇಳೀಬೇಕು,” ಎಂದ.

ಒಪ್ಪಂದವಾಯಿತು. ಮೊದಲ ಹಂತಗಳಿಗೆ ಕಬ್ಬಿಣ ಸಾಕು. ಮೇಲಿನವಕ್ಕೆ ಮೊಟ್ಟೆ, ಕುಂಬಳ, ಉಣ್ಣೆ, ಹೀಗೆ ಒಂದೊಂದಕ್ಕೆ ಒಂದೊಂದು, ದುಪ್ಪಟ್ಟಿನ ಮಾತಿಲ್ಲ. ಕ್ಲೆಮ್‌ಗೆ ಶಿಕ್ಷೆಯಾಗಿ ಮರದ ಪಿಕಾಸಿ. ಅದರಿಂದ ಒಂದು ಕಲ್ಲು ಕೀಳುವಷ್ಟರಲ್ಲಿ ಚಹಾ ಆರುತ್ತಿತ್ತು. ಆದರೂ ಅವನು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ಹಾದುಹೋಗುವವರೆಲ್ಲ ಅವನ ಗುಂಡಿಯ ಬಾಯಲ್ಲಿ ನಿಂತು ನಾಲ್ಕು ಗೇಲಿ ಮಾಡಿಯೇ ಮುಂದೆ ಹೋಗುತ್ತಿದ್ದರು.

ಡಾನ್ಸ್ ಹಾಲ್ ತೆರೆದ ದಿನ ನೋಲಾ ಒಮ್ಮೆ ನೋಡಿ ಹೋಗುತ್ತೇನೆಂದು ಆಟದೊಳಗೆ ಬಂದವಳು, ವಾಪಸ್ ಹೋಗಲೇ ಇಲ್ಲ. ಈಗ ಅವಳಿಗೆ ಅರವತ್ತು ಕುರಿಗಳಿವೆ.

ಕ್ಲೆಮ್‌ನ ಪಿಕಾಸಿ ಏಳನೇ ಹಂತಕ್ಕೆ ಬಂದು ನಿಂತಿದೆ. ಎಂಟಕ್ಕೆ ಉಣ್ಣೆ ಬೇಕು, ಉಣ್ಣೆ ಇರುವುದು ಹೆಂಡತಿಯ ಹತ್ತಿರ ಮಾತ್ರ. ಮೊದಲು ಹಿತ್ತಿಲ ಗೇಟು ಸರಿಮಾಡು, ನಿಜವಾದ ಹಿತ್ತಿಲಿನದು, ಆಮೇಲೆ ನೋಡೋಣ ಅಂದಿದ್ದಾಳಂತೆ. ಬೆಳಗಿನಿಂದ ಪಕ್ಕದ ಮನೆಯಲ್ಲಿ ಮೊಳೆ ಹೊಡೆಯುವ ಸದ್ದು, ನಡುನಡುವೆ ಹೆಬ್ಬೆರಳಿಗೆ ಬಿದ್ದಾಗಿನ ಬೈಗುಳ ಕೇಳುತ್ತಲೇ ಇದೆ.