ಚಿಕ್ಕಬುದ್ಧಿ ಮೀಸೆ ತೆಗೆದದ್ದು

ನಾಟಕದಲ್ಲಿ ರಾಣಿ ಪಾರ್ಟು ಮಾಡಲಿಕ್ಕೆ ಅಂತ ನಾನು ಮೊದಲ ಸಲ ಮೀಸೆ ಬೋಳಿಸಿದ ವಾರವೇ ನಮ್ಮಪ್ಪನನ್ನು ಮಂಡ್ಯದ ಸಂತೆಯಲ್ಲಿ ಸಾಯಿಸಿಬಿಟ್ಟರು. ಸಾಯಿಸಿದವನು ಯಲಿಯೂರಿನ ನನ್ನ ಸೋದರಮಾವ. ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ಅಪ್ಪ ತೀರಿಕೊಂಡಾಗ. ಮಾವ ದೂರದಿಂದ ನನ್ನ ಬೋಳು ತುಟಿ ಕಂಡವನೇ ಕೈಲಿದ್ದ ಚೀಲ ಬಿಸಾಡಿ ಓಡಿಬಂದು ನನ್ನನ್ನು ತಬ್ಬಿಕೊಂಡ.

"ಅಯ್ಯೋ, ನಮ್ ಬಾವ ಓಗ್ಬುಟ್ನಲ್ಲಪ್ಪ. ನಂಗೊಂದ್ ಮಾತು ಯೋಳಿ ಕಳಿಸ್ಬಾರ್ದಿತ್ತೇನ್ಲಾ?"

ಅಪ್ಪ ಅಲ್ಲೇ ಎರಡು ಮಾರು ಆಚೆ ಕೂತು ಎತ್ತಿಗೆ ಮೂಗುದಾರ ಚೌಕಾಸಿ ಮಾಡುತ್ತಿದ್ದ. ತಿರುಗಿ ನೋಡಿ, "ಇನ್ನೂ ಓಗಿಲ್ಲ ಕಣ್ಲಾ. ಓಗಾಗ ನಾನೇ ಯೋಳ್ತೀನಿ, ಮೊದ್ಲು ಈ ಅಗ್ಗ ಇಡ್ಕೊ" ಅಂದ. ಸಂತೆಯವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ನನ್ನ ಜೊತೆ ಬಂದಿದ್ದ ಚಿಕ್ಕಬುದ್ಧಿ. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೇಬಿಟ್ಟ.

ಈ ಚಿಕ್ಕಬುದ್ಧಿ ಯಾರು ಅಂತ ಹೇಳಬೇಕು. ನಮ್ಮ ಊರು ಮದ್ದೂರಿಗೂ ಮಳವಳ್ಳಿಗೂ ನಡುವೆ. ಊರಲ್ಲಿ ಮಿಕ್ಕವರೆಲ್ಲ ನಮ್ಮಂಥ ಗೌಡರು, ಭತ್ತ ಕಬ್ಬು ಬೆಳೆಯುವವರು. ಅರಸು ಮನೆ ಮಾತ್ರ ಒಂದೇ ಒಂದು. ಯಾವುದೋ ಹಿಂದಿನ ತಲೆಮಾರಿನಲ್ಲಿ ಮೈಸೂರು ಅರಮನೆಯ ಕಡೆಗೆ ಹೆಣ್ಣು ಕೊಟ್ಟಿದ್ದರಂತೆ. ಆ ನೆಂಟಸ್ತಿಕೆ ಎಷ್ಟು ದೂರದ್ದು ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಅದರ ಗತ್ತು ಮಾತ್ರ ಮನೆ ತುಂಬ ಇತ್ತು. ಆ ಮನೆಯ ಯಜಮಾನರನ್ನು ಊರವರು ದೊಡ್ಡಬುದ್ಧಿ ಅನ್ನುತ್ತಿದ್ದರು, ಅವರ ಒಬ್ಬನೇ ಮಗನನ್ನು ಚಿಕ್ಕಬುದ್ಧಿ. ನಾಲ್ಕು ಜನರ ಎದುರಿಗೆ ನಾನೂ ಹಾಗೇ ಕರೆಯುತ್ತಿದ್ದೆ. ಇಬ್ಬರೇ ಇದ್ದಾಗ ಮಾತ್ರ ಲೇ, ಏನ್ಲಾ.

ಶಿವಪುರದಲ್ಲಿ ಬಾವುಟ ಹಾರಿಸಿದ ಗಲಾಟೆ ಆಗಿ ಕೆಲವು ವರ್ಷ ಕಳೆದಿತ್ತು. ಯುದ್ಧ ನಡೆಯುತ್ತಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಆದರೂ ಸುಗ್ಗಿ ಮುಗಿದರೆ ನಾಟಕ ತಪ್ಪುತ್ತಿರಲಿಲ್ಲ. ಮಳವಳ್ಳಿಯಿಂದ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ಯಾವುದೋ ರಾಜ, ಯಾವುದೋ ರಾಣಿ, ಒಂದು ಕಾಡು, ಒಂದು ಶಾಪ, ಕಥೆಯನ್ನು ಅವರೇ ಕಟ್ಟುತ್ತಿದ್ದರು. ತಾಲೀಮು ಸಾಯಂಕಾಲ ಅರಸು ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ. ಅರಸು ಮನೆಯ ಹುಡುಗನಿಗೆ ರಾಜನ ಪಾರ್ಟು ಬಿಟ್ಟು ಬೇರೆ ಕೊಡುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ. ಅವನಿಗೆ ರಾಗವೂ ಇಲ್ಲ, ತಾಳವೂ ಇಲ್ಲ. ಅವನು ಹಾಡಲು ಬಾಯಿ ತೆರೆದರೆ ಕೊಟ್ಟಿಗೆಯ ಎಮ್ಮೆಗಳು ಮೇವು ಬಿಟ್ಟು ತಿರುಗಿ ನೋಡುತ್ತಿದ್ದವು. ನನಗೆ ಕಂಠ ಇತ್ತು, ಸೊಂಟವೂ ಸಣ್ಣ ಇತ್ತು, ಹಾಗಾಗಿ ನಾನು ರಾಣಿಯಾದೆ.

ಪ್ರೀತಿ ಹುಟ್ಟಿದ್ದು ಸೀರೆ ಉಡುವಾಗ. ನನಗೆ ಸೀರೆ ಉಡಲು ಬರುತ್ತಿರಲಿಲ್ಲ, ಉಟ್ಟರೆ ಹುಲ್ಲಿನ ಹೊರೆ ಕಟ್ಟಿದ ಹಾಗೆ ಕಾಣುತ್ತಿತ್ತು. ಹೆಂಗಸರೇ ತುಂಬಿದ ಮನೆಯಲ್ಲಿ ಬೆಳೆದ ಚಿಕ್ಕಬುದ್ಧಿಗೆ ಎಲ್ಲ ಗೊತ್ತಿತ್ತು. ಅವನು ನನ್ನ ಎದುರು ಮಂಡಿಯೂರಿ ಕೂತು ನೆರಿಗೆ ಹಿಡಿಯತೊಡಗಿದ. ಅರಸು ಮನೆಯವನು ಗೌಡರ ಮಗನ ಕಾಲ ಹತ್ತಿರ ಮಂಡಿಯೂರುವುದೆಂದರೇನು, ನನಗೆ ಬೆವರು ಕಿತ್ತುಕೊಂಡಿತು.

"ಏಳಿ ಬುದ್ಧಿ, ಯಾರಾದ್ರೂ ನೋಡುದ್ರೆ ನನ್ ಚರ್ಮ ಸುಲೀತಾರೆ."

"ಸುಮ್ಕೆ ನಿಂತ್ಕೊಳ್ಲಾ. ಅಳ್ಳಾಡುದ್ರೆ ನೆರಿಗೆ ಕೆಡ್ತದೆ" ಅಂದವನು ತಲೆ ಎತ್ತಿ ನನ್ನ ಮುಖ ನೋಡಿದ. ನೆರಿಗೆ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಆಚೆಯಿಂದ ಮೇಷ್ಟ್ರು ರಾಣಿ ಎಲ್ಲಿ ಅಂತ ಕೂಗುತ್ತಿದ್ದರು. ನನಗೆ ಗೊತ್ತಾದದ್ದು ಅವತ್ತು. ಅವನಿಗೆ ಹಿಂದಿನ ವರ್ಷವೇ ಗೊತ್ತಾಗಿತ್ತಂತೆ, ಹೇಳಲು ಹೆದರಿ ಸುಮ್ಮನಿದ್ದನಂತೆ.

ಆಮೇಲಿನ ದಿನಗಳು ಸುಖದವು. ಇದನ್ನು ಓದುವವರು ಕರವಸ್ತ್ರ ತೆಗೆದಿಟ್ಟುಕೊಳ್ಳುವುದು ಬೇಡ, ನಾನು ಅಳಿಸಲಿಕ್ಕೆ ಕೂತಿಲ್ಲ. ನಾಲೆಯಲ್ಲಿ ಈಜಿದೆವು, ಅವರ ಗದ್ದೆಯ ಕಬ್ಬನ್ನೇ ಕದ್ದು ತಿಂದೆವು, ಏನೂ ಕೆಲಸವಿಲ್ಲದೆ ಮದ್ದೂರು ಸ್ಟೇಷನ್ನಿಗೆ ಹೋಗಿ ರೈಲು ನೋಡಿಕೊಂಡು ಬಂದೆವು. ಜಗಳವೂ ಆಡುತ್ತಿದ್ದೆವು. ನನಗೆ ಮೂಗಿನ ತುದಿಯಲ್ಲೇ ಕೋಪ, ಅವನಿಗೆ ಯಾವುದಕ್ಕೂ ಕೋಪವೇ ಬಾರದು, ಅದೇ ನನಗೆ ಇನ್ನೊಂದು ಕೋಪ. ನನಗೆ ಅವನು ಬೇಕಾಗಿದ್ದ, ಅವನಿಗೆ ನಾನು ಬೇಕಾಗಿದ್ದೆ. ಇದಕ್ಕಿಂತ ದೊಡ್ಡ ಮಾತು ನನಗೆ ಬರುವುದಿಲ್ಲ. ಊರವರು ದಾರಿಯಲ್ಲಿ ಕಂಡರೆ "ರಾಜಾ ರಾಣಿ ಬತ್ತಾವ್ರೆ, ದಾರಿ ಬುಡ್ರಲಾ" ಅನ್ನುತ್ತಿದ್ದರು. ಅಷ್ಟು ಅಂದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಅಣ್ಣನಿಗೆ ಸಾಲಾಗಿ ಗಂಡುಮಕ್ಕಳು ಹುಟ್ಟಿದ್ದರಿಂದ ನನ್ನ ಮದುವೆಯ ಅವಸರ ಯಾರಿಗೂ ಇರಲಿಲ್ಲ.

ಅವಸರ ಹತ್ತಿದ್ದು ಅರಸು ಮನೆಗೆ. ಮೈಸೂರಿನಲ್ಲಿ ಅರಮನೆಯ ಹತ್ತಿರದ ನೆಂಟರು ಒಬ್ಬರು, ಅವರ ಮಗಳಿಗೆ ಚಿಕ್ಕಬುದ್ಧಿಯ ಜಾತಕ ಕೂಡಿಬಂತು. ಮದುವೆಯಾದರೆ ಅಳಿಯ ಮೈಸೂರಿನಲ್ಲೇ ಇರಬೇಕು, ಅರಮನೆಯಲ್ಲಿ ಅವನಿಗೊಂದು ಉದ್ಯೋಗ. ಅರಮನೆಯ ಹಿರಿಯರೊಬ್ಬರು ತಾವೇ ಮಾತು ಆಡಿದ್ದಾರೆ, ಬೇಡ ಅನ್ನುವ ಹಾಗಿಲ್ಲ. ದೊಡ್ಡಬುದ್ಧಿಗೆ ಇಡೀ ಜನ್ಮ ಕಾದದ್ದು ಕೈಗೆ ಬಂದಿತ್ತು. ಆಗ ಅವರಿಗೆ ನನ್ನ ನೆನಪಾಯಿತು.

ಆಲೆಮನೆಯ ಹತ್ತಿರ ನನ್ನನ್ನು ಕರೆಸಿದರು. ಬೆಲ್ಲದ ಕೊಪ್ಪರಿಗೆ ಕುದಿಯುತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ, ಕೊಪ್ಪರಿಗೆ ನೋಡಿಕೊಂಡೇ ಮಾತಾಡಿದರು.

"ಯಲಿಯೂರಲ್ಲಿ ನಿನ್ನ ಮಾವ ಇದ್ದಾನಲ್ಲ. ಮದುವೆ ಮುಗಿಯೋ ತನಕ ಅಲ್ಲಿ ಇದ್ದು ಬಾ."

"ಯಾಕೆ ಬುದ್ಧಿ?"

"ಯಾಕೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ನೀನು ಕಣ್ಣೆದುರು ಇದ್ದರೆ ಅವನು ತಾಳಿ ಕಟ್ಟಲ್ಲ. ಅವನಿಗೆ ಬಂದಿರೋ ಭಾಗ್ಯಕ್ಕೆ ಅಡ್ಡ ನಿಲ್ಲಬೇಡ."

"ನಾಟಿ ಕೆಲ್ಸ ಅದೆ ಬುದ್ಧಿ. ಗದ್ದೆ ಬುಟ್ಟು ನಾ ಎಲ್ಲಿಗೂ ಓಗಾಕಿಲ್ಲ" ಅಂದು ಬಂದುಬಿಟ್ಟೆ. ಮಾತು ಗಟ್ಟಿಯಾಗಿಯೇ ಆಡಿದೆ, ಕೋಪ ಮಾತ್ರ ಮನೆಗೆ ಬಂದರೂ ಇಳಿಯಲಿಲ್ಲ.

ಆ ಕೋಪವನ್ನೆಲ್ಲ ಅವನ ಮೇಲೆ ತೀರಿಸಿಕೊಂಡೆ. ನಾಲೆಯ ಏರಿಯ ಮೇಲೆ ಸಿಕ್ಕಿದ್ದೇ ತಡ, "ಓಗು, ಓಗಿ ಮೈಸೂರಲ್ಲಿ ಜರಿಪೇಟ ಸುತ್ಕೊಂಡು ಬಾಗ್ಲಲ್ಲಿ ನಿಂತ್ಕೊ. ನಂಗೇನು" ಅಂದೆ. ಅವನು ಆಗಲೇ ಅಪ್ಪನಿಗೆ ಒಲ್ಲೆ ಅಂದಿದ್ದನಂತೆ. ದೊಡ್ಡಬುದ್ಧಿ ಅನ್ನ ಬಿಟ್ಟು ಮಲಗಿದರಂತೆ.

"ನಾ ಬ್ಯಾಡ ಅಂದ್ರೆ ಅಪ್ಪಾಜಿ ಅರಮನೆ ಕಡೆ ಮತ್ತೆ ತಲೆ ಎತ್ಕೊಂಡು ಓಗಂಗಿಲ್ಲ. ಊಂ ಅಂದ್ರೆ ನಾನೇ ಉಳಿಯಾಕಿಲ್ಲ. ಅವ್ರಾಗೇ ಅವ್ರು ಬ್ಯಾಡ ಅನ್ಬೇಕು ಕಣ್ಲಾ" ಅಂದ.

"ಅವ್ರ್ಯಾಕಂದಾರು? ನೀನೇನು ಕುಂಟನೋ ಕುರುಡನೋ?"

ಅವನು ನನ್ನ ತುಟಿಯನ್ನೇ ನೋಡುತ್ತ ನಿಂತ. ಆಮೇಲೆ ನಗಲು ಶುರುಮಾಡಿದ. ಯಾಕೆ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ಇವನಿಗೆ ನಗುವ ಹೊತ್ತು ಯಾವುದು ಅಂತ ಗೊತ್ತಿಲ್ಲವಲ್ಲ ಅಂತ ಬೈದು ಹೊರಟುಬಂದೆ.

ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ ಬಂತು. ಇದ್ದಿಲಿನ ಹೊಗೆಯಲ್ಲಿ ಓಡುವ ಮೋಟಾರು, ಯುದ್ಧದ ಕಾಲದಲ್ಲಿ ಪೆಟ್ರೋಲು ಎಲ್ಲಿತ್ತು. ಅದು ನಮ್ಮೂರ ಕೆರೆಯ ಹತ್ತಿರ ಕೆಸರಿಗೆ ಇಳಿದು ನಿಂತಿತು. ಗದ್ದೆಯಲ್ಲಿದ್ದ ನಾವೇ ಹೋಗಿ ಅರಸು ಮನೆಯ ತನಕ ತಳ್ಳಿಕೊಂಡು ಬಂದೆವು. ಅವನನ್ನು ಕರೆದುಕೊಂಡು ಹೋಗಲು ಬಂದ ಮೋಟಾರನ್ನು ನಾನೇ ತಳ್ಳುತ್ತಿದ್ದೀನಲ್ಲ ಅಂತ ಸಂಕಟವಾಗುತ್ತಿತ್ತು.

ಮೊದಲು ಇಳಿದವರು ಹುಡುಗಿಯ ದೊಡ್ಡಪ್ಪ, ಜರಿಪೇಟದ ದೊಡ್ಡ ಮನುಷ್ಯ. ಒಳಗಿನಿಂದ ಚಿಕ್ಕಬುದ್ಧಿ ಎದುರುಗೊಳ್ಳಲು ಬಂದ. ಬಿಳಿ ಪಂಚೆ, ಹೆಗಲ ಮೇಲೆ ಬಿಳಿ ವಲ್ಲಿ, ಕೈ ಮುಗಿದುಕೊಂಡಿದ್ದಾನೆ. ಮೂಗಿನ ಕೆಳಗೆ ಏನೂ ಇಲ್ಲ. ಬೆಳಿಗ್ಗೆ ಕ್ಷೌರದವನ ಹತ್ತಿರ ಹೋಗಿದ್ದನಂತೆ, ಅವನು "ದೊಡ್ಬುದ್ಯೋರು ಕಲ್ಗುಂಡಿನಂಗವ್ರೆ, ನಾ ಕತ್ತಿ ಮುಟ್ಟಾಕಿಲ್ಲ" ಅಂದನಂತೆ. ಕೊನೆಗೆ ತಾನೇ ಕೆರೆದುಕೊಂಡಿದ್ದ, ಎರಡು ಕಡೆ ರಕ್ತ ಬಂದಿತ್ತು.

ದೊಡ್ಡಪ್ಪನವರ ಮುಖ ಇಳಿದುಹೋಯಿತು. ಜೋಡು ಬಿಟ್ಟು ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಯಾವಾಗ ಆಯಿತು? ನಮಗೆ ಸುದ್ದಿಯೇ ಬರಲಿಲ್ಲವಲ್ಲ" ಅಂದರು. ಮೋಟಾರಿನೊಳಗೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಹೂವು ಹಣ್ಣಿನ ತಟ್ಟೆ ಹಿಡಿದು ಇಳಿದಿದ್ದ ಆಳು ಅದನ್ನು ಸದ್ದಿಲ್ಲದೆ ಮತ್ತೆ ಒಳಗಿಟ್ಟ.

ಅಷ್ಟರಲ್ಲಿ ತೀರಿಕೊಂಡವರು ಪೂಜೆ ಮುಗಿಸಿ ಮೀಸೆ ತಿರುವಿಕೊಂಡು ಹೊರಗೆ ಬಂದರು. "ಬನ್ನಿ ಬನ್ನಿ, ಯಾಕೆ ಎಲ್ಲರೂ ನಿಂತೇ ಇದ್ದೀರಿ?" ಅಂದರು. ಮೋಟಾರಿನಲ್ಲಿ ಒಬ್ಬ ಮುದುಕಿ ಕಿಟಾರನೆ ಕಿರುಚಿಕೊಂಡಳು. ದೊಡ್ಡಬುದ್ಧಿ ಆಮೇಲೆ ಮಗನನ್ನು ನೋಡಿದರು. ನೋಡಿ ಕಂಬ ಹಿಡಿದುಕೊಂಡರು.

"ತಂದೆ ಬದುಕಿರುವಾಗ ಇದೇನು?" ಅಂತ ದೊಡ್ಡಪ್ಪನವರು ಕೇಳಿದರು.

"ನಾಟಕ ಇದೆ. ಈ ಸಲ ರಾಣಿಯ ಪಾರ್ಟು ನನ್ನದು."

"ಅರಸು ಮನೆಯ ಗಂಡು ಸೀರೆ ಉಡುವುದೇ?"

"ಚೆನ್ನಾಗಿಯೇ ಉಡುತ್ತೇನೆ."

"ರಾಜ ಯಾರು?"

"ಅಗೋ, ಅವನು" ಅಂತ ಬೆರಳು ತೋರಿಸಿದ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮೊಣಕಾಲ ತನಕ ಕೆಸರು, ತಲೆಗೆ ಹರಕು ಟವಲು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಯೂ ಆಗಿಲ್ಲ, ಅಷ್ಟು ಖುಷಿಯೂ ಆಗಿಲ್ಲ.

ಅಪ್ಪ ಇರುವಾಗಲೇ ಮೀಸೆ ತೆಗೆದವನ ಕೈಗೆ ಹೆಣ್ಣು ಕೊಡುವವರು ಯಾರು. ಒಂದು ಲೋಟ ನೀರೂ ಕುಡಿಯದೆ ಹತ್ತಿ ಕೂತರು. ಮೋಟಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು, ಮತ್ತೆ ನಾವೇ ತಳ್ಳಬೇಕಾಯಿತು. ಈ ಸಲ ಎಲ್ಲರಿಗಿಂತ ಜೋರಾಗಿ ತಳ್ಳಿದವನು ನಾನು. ಆ ಹುಡುಗಿಗೆ ಮುಂದೆ ಬೆಂಗಳೂರಿನಲ್ಲಿ ಒಳ್ಳೆಯ ಸಂಬಂಧವೇ ಆಯಿತು, ಅದೊಂದು ನೆಮ್ಮದಿ.

ತಿರುಗಿ ಬಂದಾಗ ದೊಡ್ಡಬುದ್ಧಿ ಜಗಲಿಯ ಮೇಲೆ ಕೂತಿದ್ದರು. ಮಗ ಎದುರಿಗೆ ನಿಂತಿದ್ದ. ಇವತ್ತು ಇವನನ್ನು ಮನೆಯಿಂದ ಆಚೆ ಹಾಕುತ್ತಾರೆ, ನನ್ನನ್ನು ಊರಿಂದ ಆಚೆ ಹಾಕುತ್ತಾರೆ ಅಂತ ನಾನು ನಿಶ್ಚಯ ಮಾಡಿಕೊಂಡೆ.

"ನಾನು ಸತ್ತೋದೆನೇನಯ್ಯ?" ಅಂದರು.

"ಇಲ್ಲ ಅಪ್ಪಾಜಿ. ನೀವು ನೂರು ಕಾಲ ಇರಬೇಕು."

"ಮತ್ಯಾಕೆ?"

ಅವನು ಈಗ ನಾಟಕದ ಮಾತು ಎತ್ತಲಿಲ್ಲ. "ಇವನನ್ನ ಬಿಟ್ಟು ಮೈಸೂರಿಗೆ ಹೋದರೆ ನಾನು ಇರಲ್ಲ ಅಪ್ಪಾಜಿ. ನನ್ನಿಂದ ಆಗಲ್ಲ" ಅಂದ. ಅಪ್ಪನ ಕಾಲ ಹತ್ತಿರ ಕೂತು ಅತ್ತ. ಅವನು ಅತ್ತದ್ದು ನಾನು ನೋಡಿದ್ದೇ ಅವತ್ತು.

ಅಷ್ಟರಲ್ಲಿ ಬಾಗಿಲ ಬಿದಿರು ಪರದೆಯ ಹಿಂದೆ ಯಾರೋ ನಕ್ಕರು. ಚಿಕ್ಕಬುದ್ಧಿಯ ತಾಯಿ. ಆ ಮನೆಯ ಹೆಂಗಸರು ಗೋಷಾದವರು. ಗಂಡ, ಮಕ್ಕಳು, ಒಡಹುಟ್ಟಿದವರು ಬಿಟ್ಟರೆ ಬೇರೆ ಗಂಡಸರ ಎದುರು ಅವರು ಬರುವುದೇ ಇಲ್ಲ. ಅಷ್ಟು ವರ್ಷ ಆ ಹಿತ್ತಲಲ್ಲಿ ಕುಣಿದರೂ ನಾನು ಅವರ ಮುಖ ಕಂಡವನಲ್ಲ.

"ನಗ್ತಿದ್ದೀರಾ ನೀವು?" ಅಂತ ದೊಡ್ಡಬುದ್ಧಿ ಪರದೆಯ ಕಡೆ ಗದರಿದರು.

"ಇನ್ನೇನು ಮಾಡಲಿ? ಹೊರಗೆ ಅವರು ನಿಮಗೋಸ್ಕರ ಅಳ್ತಿದ್ದರು, ಒಳಗೆ ನೀವು ಕನ್ನಡಿ ಎಲ್ಲಿ ಅಂತ ನನ್ನ ಮೇಲೆ ಕೂಗಾಡ್ತಿದ್ದಿರಿ." ಆಮೇಲೆ ಅದೇ ದನಿ ಮೆತ್ತಗಾಯಿತು. "ಇರೋನು ಒಬ್ಬ ಮಗ. ಎದುರಿಗೆ ಇರಲಿ ಬಿಡಿ."

ದೊಡ್ಡಬುದ್ಧಿ ಎದ್ದರು. ಮಗನನ್ನೂ ಎಬ್ಬಿಸಿದರು. "ಇಷ್ಟೊಂದು ಅಡಿಗೆ ಮಾಡಿಸಿದ್ದೀನಿ, ಹಾಳಾಗಬಾರದು. ಎಲೆ ಹಾಕಿಸಿ" ಅಂದರು. ಹೊಸ್ತಿಲು ದಾಟುವಾಗ ತಿರುಗಿ ನೋಡದೆಯೇ ನನಗೆ ಹೇಳಿದರು. "ನೀನೂ ಕಾಲು ತೊಳ್ಕೊಂಡು ಬಾ. ಬೀಗರ ಎಲೆ ಖಾಲಿ ಇದೆ."

ಆ ಮನೆಯಲ್ಲಿ ನನಗೆ ಊಟ ಹಾಕಿದರೆ ಜಗಲಿಯ ಮೇಲೆ. ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅವನ ಪಕ್ಕದಲ್ಲಿ ಕೂತೆ, ದೊಡ್ಡಬುದ್ಧಿ ಎದುರಿಗೆ ಕೂತರು. ಅಡಿಗೆಯವನು ಪಲ್ಯ ಕೋಸಂಬರಿ ಬಡಿಸಿಹೋದ. ಆಮೇಲೆ ಎಲೆಯ ಮುಂದೆ ಹಸಿರು ಬಳೆಯ ಕೈ ಕಂಡಿತು, ಒಂದು ಒಬ್ಬಟ್ಟು, ಅದರ ಮೇಲೆ ಒಂದು ಮಿಳ್ಳೆ ತುಪ್ಪ ಬಿತ್ತು. ತಲೆ ಎತ್ತಿದೆ. ಪರದೆ ಸರಿಸಿ ಆ ತಾಯಿಯೇ ಬಂದು ನಿಂತಿದ್ದರು, ತಲೆಯ ಮೇಲೆ ಸೆರಗೂ ಇಲ್ಲ. ಅವನ ಕಣ್ಣು ಅವರದ್ದೇ.

"ತುಪ್ಪ ಇನ್ನೊಂದು ಮಿಳ್ಳೆ ಹಾಕಲಾ ಮಗಾ?" ಅಂದರು.

ನಾನು ಎದುರಿಗೆ ಕೂತವರ ಮುಖ ನೋಡಿದೆ. ದೊಡ್ಡಬುದ್ಧಿ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಎಲೆಗೆ ಕಣ್ಣಿಳಿಸಿ ಒಬ್ಬಟ್ಟು ಮುರಿದುಕೊಂಡರು.

"ಹಾಕಿ, ಹಾಕಿ. ಎರಡು ಸಲ ಮೋಟಾರು ತಳ್ಳಿದ್ದಾನೆ."